ಹಳೆ ಕೋವಿಯ ಹಟಮಾರಿ ಸ್ಕ್ರೂ: ಎಣ್ಣೆಯೋ, ಕಾವೋ, ಪೆಟ್ಟೋ?

ನಮ್ಮಜ್ಜನ ಜೋಡುನಳಿಗೆ ಕೋವಿಯ ಅಡಿಯಲ್ಲಿ ಒಂದು ಸ್ಕ್ರೂ ಇದೆ. ಅದರ ತಲೆಯಲ್ಲಿ ಡ್ರೈವರ್ ಕೂರುವ ಕಚ್ಚಿನ ಒಂದಂಚು ಹರಿದು ಮೇಲೆದ್ದಿದೆ. ಕೋವಿ ನೋಡಲು ಬಂದವರಿಗೆ ಮೈಮೇಲಿನ ಹೂಬಳ್ಳಿ ಕೆತ್ತನೆಗಿಂತ ಮೊದಲು ಕಾಣುವುದು ಅದೇ. ಹಾಗೆ ಮಾಡಿದವನು ನಾನು. ಇಪ್ಪತ್ತು ವರ್ಷದ ಹಿಂದೆ, ಮಳೆಗಾಲ ಮುಗಿದ ಮೇಲೆ, ಫ್ಯೂಸ್ ಕಟ್ಟಲು ಇಟ್ಟುಕೊಂಡಿದ್ದ ಸ್ಕ್ರೂ ಡ್ರೈವರನ್ನೇ ತೆಗೆದುಕೊಂಡು ಮೈಭಾರವೆಲ್ಲ ಬಿಟ್ಟು ತಿರುಗಿಸಿದೆ. ಡ್ರೈವರ್ ಜಾರಿತು. ಸ್ಕ್ರೂ ಅಲುಗಲಿಲ್ಲ, ಕಚ್ಚು ಹರಿಯಿತು, ಪಕ್ಕದ ಬಳ್ಳಿಯ ಮೇಲೆ ಒಂದು ಗೀರು ಬಿತ್ತು. ಎಲ್ಲ ಸೇರಿ ಎರಡು ಸೆಕೆಂಡಿನ ಕೆಲಸ.

ಮಲೆನಾಡು, ಕೊಡಗಿನ ಮನೆಗಳಲ್ಲಿ ಇಂಥ ಕೋವಿಗಳು ಬೇಕಾದಷ್ಟಿವೆ. ಬೆಳೆ ಕಾಯಲು ಲೈಸೆನ್ಸ್ ಪಡೆದ ತೋಟಾ (ಕಾರ್ಟ್ರಿಜ್) ಕೋವಿ, ಹಿರಿಯರ ಕಾಲದ, ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ, ಯಾವುದೋ ದೊರೆ ಊರು ಬಿಡುವಾಗ ಕೊಟ್ಟುಹೋದ ಇಂಗ್ಲಿಷ್ ಜೋಡುನಳಿಗೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ ಉಂಟು, ಈಗಿನ ಅಧಿಸೂಚನೆಯಂತೆ 2029ರ ಅಕ್ಟೋಬರ್‌ವರೆಗೆ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಕೆಳಗಿಳಿಸಿ, ಒರೆಸಿ, ನಳಿಗೆಯ ಬಾಯಿಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸುವ ಹೊತ್ತಿಗೇ ಜೂನ್‌ನಿಂದ ಕುಡಿದ ತೇವ ಏನು ಮಾಡಿದೆ ಎಂದು ತಿಳಿಯುವುದು. ನಮ್ಮ ಕಡೆ ಇನ್ನೊಂದು ಪೀಡೆ ಚುನಾವಣೆ. ಕೋವಿ ಪೊಲೀಸರಲ್ಲಿ ಠೇವಣಿಗೆ ಹೋಗುತ್ತದೆ, ತಿಂಗಳುಗಟ್ಟಲೆ ಗೋಡೆಗೊರಗಿ ನಿಲ್ಲುತ್ತದೆ, ವಾಪಸು ಬರುವಾಗ ಒಂದು ಪದರ ತುಕ್ಕು ಹೊದ್ದುಕೊಂಡು ಬರುತ್ತದೆ. ಅಷ್ಟರೊಳಗೆ ಹಂದಿಗಳು ಗದ್ದೆ ಮುಗಿಸಿರುತ್ತವೆ, ಆ ಮಾತು ಬೇರೆ.

ಜಡಗಟ್ಟಿದ ಸ್ಕ್ರೂ ಬಿಚ್ಚಲು ಜನ ಹತ್ತು ದಾರಿ ಹೇಳುತ್ತಾರೆ: ಸೀಮೆಎಣ್ಣೆ ಹಾಕು, ಡಬ್ಲ್ಯುಡಿ-40 ಹೊಡೆ, ಬಿಸಿ ಮಾಡು, ಸುತ್ತಿಗೆಯಿಂದ ಬಡಿ, ಡ್ರಿಲ್ ಹಾಕು. ಎಲ್ಲವೂ ಎಲ್ಲೋ ಒಂದು ಕಡೆ ಸರಿಯೇ. ಯಾವುದು ಎಲ್ಲಿಗೆ ಎನ್ನುವುದರಲ್ಲಿ ನಾವು ಎಡವುವುದು. ಅದಕ್ಕಿಂತ ಮೊದಲು ಒಂದು ಮಾತು: ಈ ಜಗಳ ಮುಕ್ಕಾಲುಪಾಲು ತೀರ್ಮಾನವಾಗುವುದು ಡ್ರೈವರಿನ ತುದಿಯಲ್ಲಿ. ಉಳಿದದ್ದೆಲ್ಲ ಅದಕ್ಕೆ ಕೈಯಾಳು.

ಕೈ ಹಾಕುವ ಮುಂಚೆ

ಕೋವಿ ಖಾಲಿ ಇದೆಯೇ ನೋಡಿ. ತೋಟಾ ಕೋವಿಯಾದರೆ ಕೀಲಿನಲ್ಲಿ ಬಾಗಿಸಿ ತೆರೆದು ಎರಡೂ ನಳಿಗೆಯೊಳಗೆ ಬೆಳಕು ಕಾಣುತ್ತದೋ ನೋಡಿದರಾಯಿತು. ಕೇಪಿನ ಕೋವಿಯಲ್ಲಿ ಹಾಗಲ್ಲ. ಅಜ್ಜನೋ ಮುತ್ತಜ್ಜನೋ ಮದ್ದು ಜಡಿದು ಗೋಡೆಗೆ ತೂಗುಹಾಕಿ ಮರೆತಿರಬಹುದು. ಮಸಿಮದ್ದಿಗೆ ವಯಸ್ಸಾಗುವುದಿಲ್ಲ, ಒಣಗಿದ್ದರೆ ನೂರು ವರ್ಷದ ಮೇಲೂ ಹೊತ್ತಿಕೊಳ್ಳುತ್ತದೆ. ನೋಡುವ ಕ್ರಮ ಸುಲಭ. ನಳಿಗೆಯೊಳಗೆ ಗಜದ ಕೋಲು ಇಳಿಸಿ, ಬಾಯಿಯ ಮಟ್ಟಕ್ಕೆ ಕೋಲಿನ ಮೇಲೆ ಗುರುತು ಹಾಕಿ, ಹೊರಗೆ ತೆಗೆದು ಅದೇ ಗುರುತನ್ನು ಬಾಯಿಯ ಮಟ್ಟಕ್ಕಿಟ್ಟು ನಳಿಗೆಯ ಪಕ್ಕಕ್ಕೆ ಹಿಡಿಯಿರಿ. ಕೋಲಿನ ತುದಿ ಕೇಪು ಕೂರಿಸುವ ನಿಪ್ಪಲ್ಲಿನ ಹತ್ತಿರಕ್ಕೆ ಬರಬೇಕು. ಎರಡು ಮೂರು ಇಂಚು ಮೇಲೇ ನಿಂತರೆ ಒಳಗೆ ಏನೋ ಇದೆ. ಕುಂಬಾರ ಹುಳದ ಗೂಡಾದರೂ ಇರಬಹುದು, ಮದ್ದೂ ಇರಬಹುದು. ಮದ್ದೆಂದೇ ತಿಳಿದು ಅಲ್ಲಿಗೇ ನಿಲ್ಲಿಸಿ, ಬಲ್ಲವರ ಕೈಗೆ ಕೊಡಿ. ಎಣ್ಣೆ ಸುರಿದರೆ ಮದ್ದು ಸತ್ತುಹೋಗುತ್ತದೆ ಎಂಬ ನಂಬಿಕೆಯ ಮೇಲೆ ಕಾಯಿಸಲು ಹೋಗಬಾರದು.

ಕಾನೂನಿನ ಮಾತನ್ನೂ ಇಲ್ಲೇ ಮುಗಿಸುತ್ತೇನೆ. 1959ರ ಆಯುಧ ಕಾಯ್ದೆಯ 5ನೇ ಕಲಮಿನಂತೆ ಕೋವಿ ರಿಪೇರಿ ಮಾಡುವವರಿಗೂ ಪರವಾನಗಿ ಬೇಕು. ಇಟ್ಟುಕೊಳ್ಳಲು ವಿನಾಯಿತಿ ಇದೆಯೆಂದರೆ ರಿಪೇರಿಗೂ ಇದೆ ಎಂದರ್ಥವಲ್ಲ. ನಾನು ಇಲ್ಲಿ ಹೇಳುತ್ತಿರುವುದು ಕಾಗದಪತ್ರ ಸರಿಯಿರುವ ಸ್ವಂತ ಕೋವಿಯನ್ನು ತುಕ್ಕು ಹಿಡಿಯದಂತೆ ನೋಡಿಕೊಳ್ಳುವ ಮಟ್ಟದ ಕೆಲಸ. ಪಕ್ಕದ ಮನೆಯವರ ಕೋವಿ ತಂದುಕೊಂಡು ಜಗಲಿಯಲ್ಲಿ ಬಿಚ್ಚಿ ಕೂರಬೇಡಿ. ಊರಿನ ವೆಲ್ಡಿಂಗ್ ಶಾಪಿಗೆ ಒಯ್ಯುವುದಂತೂ ಬೇಡವೇ ಬೇಡ.

ಹಿಡಿದುಕೊಂಡಿರುವುದು ಏನು?

ಸ್ಕ್ರೂ ಬರುತ್ತಿಲ್ಲ ಎಂದ ತಕ್ಷಣ ತುಕ್ಕು ಎಂದುಕೊಳ್ಳುತ್ತೇವೆ. ನಾನು ನೋಡಿದ ಕೋವಿಗಳಲ್ಲಿ ಅರ್ಧಕ್ಕರ್ಧ ತುಕ್ಕೇ ಅಲ್ಲ, ಒಣಗಿದ ಎಣ್ಣೆ. ಹಿಂದಿನವರು ಮರಕ್ಕೆ ಹಚ್ಚಿದ ಅಗಸೆ ಎಣ್ಣೆ ಸ್ಕ್ರೂ ಸಂದಿಗೂ ಇಳಿದಿರುತ್ತದೆ. ಅದು ಗಾಳಿಗೆ ಒಣಗಿ ವಾರ್ನಿಶಿನಂತೆ ಗಟ್ಟಿಯಾಗುವ ಜಾತಿ. ಕೊಬ್ಬರಿ ಎಣ್ಣೆ ಹಚ್ಚುವವರು ನಮ್ಮಲ್ಲಿ ಈಗಲೂ ಇದ್ದಾರೆ. ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುವ ಎಣ್ಣೆಯನ್ನು ಡಿಸೆಂಬರಿನ ಮಲೆನಾಡಿನಲ್ಲಿ ಕೋವಿಯ ಲಾಕಿಗೆ (ಗುಂಡು ಹಾರಿಸುವ ಯಂತ್ರಭಾಗಕ್ಕೆ) ಹಾಕಿದರೆ ಕುದುರೆ (ಬಡಿಯುವ ಸುತ್ತಿಗೆ) ಯಾಕೆ ಬೀಳದು ಎಂದು ಕೇಳಬೇಕಾಗಿಲ್ಲ. ವರ್ಷಗಳು ಕಳೆದಂತೆ ಅದು ಧೂಳು ಕೂಡಿ ಅಂಟಾಗುತ್ತದೆ.

ಗುರುತು ಹೀಗೆ: ಸ್ಕ್ರೂ ತಲೆಯ ಸುತ್ತಲಿನ ಗೆರೆಯಲ್ಲಿ ಹಳದಿ-ಕಂದು ಬಣ್ಣದ, ಉಗುರಿಗೆ ಮೇಣದಂತೆ ಏಳುವ ಪದರ ಇದ್ದರೆ ಎಣ್ಣೆ. ಕೆಂಪು ಪುಡಿ ಉದುರಿದರೆ, ಗೆರೆಯೇ ಕಾಣದಂತೆ ಮುಚ್ಚಿಹೋಗಿದ್ದರೆ ತುಕ್ಕು. ಕಬ್ಬಿಣ ತುಕ್ಕಾಗುವಾಗ ಹಿಗ್ಗಿ, ಮೊದಲಿದ್ದ ಜಾಗಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಥ್ರೆಡ್ಡಿನ ಸಂದಿಯಲ್ಲಿ ಅಷ್ಟು ಜಾಗವೆಲ್ಲಿ? ಬೆಣೆ ಹೊಡೆದಂತೆ ಬಿಗಿದುಕೊಳ್ಳುತ್ತದೆ.

ಮೂರನೆಯದು, ಮಾಡಿದವರೇ ಬರದಂತೆ ಮಾಡಿಟ್ಟಿರುವುದು. ಮೌಸರ್ 98 ಮಾದರಿಯ ರೈಫಲ್ಲಿನ ಅಡಿಯ ದೊಡ್ಡ ಸ್ಕ್ರೂಗಳ ಪಕ್ಕದಲ್ಲಿ ಒಂದೊಂದು ಪುಟಾಣಿ ಸ್ಕ್ರೂ ಇರುತ್ತದೆ, ದೊಡ್ಡದು ತಿರುಗದಂತೆ ತಡೆಯಲು. ಅದನ್ನು ನೋಡದೆ ದೊಡ್ಡದರ ಮೇಲೆ ಬಲಪ್ರಯೋಗ ಮಾಡಿದವರ ಕಥೆಗಳು ಬಹಳ. ಸೇನೆಯ ರೈಫಲ್ಲುಗಳಲ್ಲಿ ಕೆಲವು ಸ್ಕ್ರೂಗಳ ತುದಿಯನ್ನು ಬಡಿದು ಅಗಲಿಸಿರುತ್ತಾರೆ, ದಾರಿಯಲ್ಲಿ ಉದುರಿ ಕಳೆಯದಿರಲಿ ಎಂದು. ಬಂಗಾಳದ ಇಶಾಪುರದಲ್ಲೂ ತಯಾರಾಗುತ್ತಿದ್ದ ಲೀ-ಎನ್‌ಫೀಲ್ಡ್ ಮಾರ್ಕ್ 3ರದ್ದು ಇನ್ನೊಂದು ಬಗೆ. ಅದರ ಹಿಂದಿನ ಬಟ್ ಹಿಡಿದಿರುವ ಉದ್ದ ಬೋಲ್ಟಿನ ತುದಿ ಚೌಕ, ಅದು ಮುಂದಿನ ಮರದೊಳಗಿನ ಒಂದು ತಗಡಿಗೆ ಸಿಕ್ಕಿಕೊಂಡಿರುತ್ತದೆ. ಮುಂದಿನ ಮರ ಕಳಚದೆ ಆ ಬೋಲ್ಟ್ ತಿರುಗಿಸಿದರೆ ಮರವೇ ಸೀಳುತ್ತದೆ. ಇಂಥದ್ದಕ್ಕೆ ಎಣ್ಣೆ, ಕಾವು, ಪೆಟ್ಟು ಯಾವುದೂ ಮದ್ದಲ್ಲ, ಬಿಚ್ಚುವ ಕ್ರಮ ಗೊತ್ತಿರಬೇಕು ಅಷ್ಟೆ. ಹಾಗಾಗಿ ಡ್ರೈವರ್ ಎತ್ತುವ ಮುಂಚೆ ಆ ಮಾದರಿಯ ಚಿತ್ರಪಟ ಹುಡುಕಿ ನೋಡಿ.

ಡ್ರೈವರ್: ಇಲ್ಲಿ ದುಡ್ಡೂ ಹೊತ್ತೂ ಹಾಕಿ

ಅಂಗಡಿಯಲ್ಲಿ ಸಿಗುವ ಚಪ್ಪಟೆ ಡ್ರೈವರಿನ ತುದಿಯನ್ನು ಪಕ್ಕದಿಂದ ನೋಡಿ. ಉಳಿಯ ಹಾಗೆ ಇಳಿಜಾರಾಗಿರುತ್ತದೆ. ಕೋವಿ ಸ್ಕ್ರೂವಿನ ಕಚ್ಚಿನ ಗೋಡೆಗಳು ನೆಟ್ಟಗೆ, ಒಂದಕ್ಕೊಂದು ಸಮಾನಾಂತರ. ಇಳಿಜಾರು ತುದಿ ಆ ಕಚ್ಚಿನ ತಳ ಮುಟ್ಟದೆ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ತಿರುಗಿಸಿದಾಗ ಬಲವೆಲ್ಲ ಕಚ್ಚಿನ ಮೇಲಂಚಿನ ಮೇಲೆ ಬೀಳುತ್ತದೆ, ಇಳಿಜಾರು ತುದಿ ತನ್ನನ್ನು ತಾನೇ ಮೇಲಕ್ಕೆ ದೂಡಿಕೊಳ್ಳುತ್ತದೆ. ನೀವು ಎಷ್ಟು ಜೋರಾಗಿ ತಿರುಗಿಸುತ್ತೀರೋ ಅಷ್ಟು ಜೋರಾಗಿ ಅದು ಹೊರಗೆ ಬರುತ್ತದೆ. ನಮ್ಮಜ್ಜನ ಕೋವಿಯ ಗಾಯದ ಕಾರಣ ಇಷ್ಟೇ.

ಇಂಗ್ಲೆಂಡಿನ ಒಳ್ಳೆಯ ಕೋವಿಗಳಲ್ಲಿ ಕಚ್ಚು ಎಷ್ಟು ಸಣ್ಣದೆಂದರೆ ಅರ್ಧ ಮಿಲಿಮೀಟರಿನ ಆಸುಪಾಸು. ಸಾಮಾನ್ಯ ಡ್ರೈವರ್ ಅದರೊಳಗೆ ಇಳಿಯುವುದೇ ಇಲ್ಲ. ಆ ಸ್ಕ್ರೂಗಳ ಥ್ರೆಡ್ ಕೂಡ ನಮ್ಮ ಹಾರ್ಡ್‌ವೇರ್ ಅಂಗಡಿಯದ್ದಲ್ಲ. ಮೆಟ್ರಿಕ್ ಥ್ರೆಡ್ಡಿನ ಕೋನ 60 ಡಿಗ್ರಿ, ವಿಟ್‌ವರ್ತ್‌ನದು 55, ಬಿ.ಎ. ಎಂಬ ಸಣ್ಣ ಬ್ರಿಟಿಷ್ ಥ್ರೆಡ್ಡಿನದು 47.5. ಎಷ್ಟೋ ಕೋವಿ ತಯಾರಕರು ತಮ್ಮದೇ ಥ್ರೆಡ್ ಹಾಕಿಕೊಳ್ಳುತ್ತಿದ್ದರು. ಅಂದರೆ ಒಂದು ಸ್ಕ್ರೂ ಹಾಳಾದರೆ ಅದರ ಜೋಡಿ ಪ್ರಪಂಚದಲ್ಲೇ ಇಲ್ಲ, ಲೇತಿನಲ್ಲಿ ಹೊಸದಾಗಿ ಕಡೆಸಬೇಕು.

ಆಯ್ಕೆ ಮೂರು. ಒಂದು, ಕೋವಿ ಕೆಲಸಕ್ಕೆಂದೇ ಮಾಡಿದ ಬಿಟ್ ಸೆಟ್. ಬ್ರೌನೆಲ್ಸ್, ವೀಲರ್ ಮುಂತಾದ ಅಮೆರಿಕದ ಸೆಟ್ಟುಗಳ ಬಿಟ್‌ಗಳ ತುದಿಯ ಎರಡೂ ಮುಖ ಒಳಬಾಗಿದಂತೆ ಸಾಣೆಗೊಂಡು, ಕಚ್ಚಿಗಿಳಿಯುವ ಭಾಗ ನೆಟ್ಟಗಿರುತ್ತದೆ. ಅನುಕೂಲ ಹೌದು, ಅಳತೆಗಳೂ ಬಹಳ. ಆದರೆ ಅವು ಹೆಚ್ಚಾಗಿ ಅಮೆರಿಕದ ಕೋವಿಗಳಿಗೆ ಸರಿಹೊಂದುವಂಥವು, ಹಳೆ ಬರ್ಮಿಂಗ್‌ಹ್ಯಾಮ್ ಕೋವಿಯ ಸಣ್ಣ ಕಚ್ಚಿಗೆ ಅವನ್ನೂ ತೆಳ್ಳಗೆ ಮಾಡಬೇಕಾದೀತು. ಎರಡು, ವಾಚ್ ರಿಪೇರಿಯ ಪುಟ್ಟ ಡ್ರೈವರ್. ಕಚ್ಚಿಗೆ ಇಳಿಯುತ್ತದೆ, ಆದರೆ ತಿರುಚುವ ಬಲ ತಡೆಯುವುದಿಲ್ಲ. ತುದಿ ಮುರಿದು ಕಚ್ಚಿನೊಳಗೇ ಕುಳಿತರೆ ಕಷ್ಟ ಎರಡಾಯಿತು. ಮೂರು, ನಾನು ಒಪ್ಪುವುದು: ಒಳ್ಳೆ ಉಕ್ಕಿನ ಅಗ್ಗದ ಡ್ರೈವರ್ ಒಂದನ್ನು ತಂದು ಆ ಒಂದು ಸ್ಕ್ರೂವಿಗೇ ಸಾಣೆ ಹಿಡಿದುಕೊಳ್ಳುವುದು. ಟಪಾರಿಯಾ ಕಂಪನಿಯದಂಥದ್ದು ಸಾಕು.

ಸಾಣೆ ಹಿಡಿಯುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎಣ್ಣೆಕಲ್ಲು ಅಥವಾ ನುಣುಪಾದ ಅರ ತೆಗೆದುಕೊಳ್ಳಿ. ಗ್ರೈಂಡರ್ ಬೇಡ, ಹಾಕಲೇಬೇಕಿದ್ದರೆ ಮೂರು ಸೆಕೆಂಡಿಗೊಮ್ಮೆ ನೀರಲ್ಲಿ ಅದ್ದಿ. ತುದಿ ನೀಲಿ ಬಣ್ಣಕ್ಕೆ ತಿರುಗಿದರೆ ಉಕ್ಕು ಸುಮಾರು 300 ಡಿಗ್ರಿ ಮುಟ್ಟಿತು, ಗಡಸು ಇಳಿಯಿತು ಎಂದರ್ಥ, ಅಷ್ಟು ಭಾಗ ಕತ್ತರಿಸಿ ಬಿಸಾಡಬೇಕು. ಎರಡೂ ಮುಖ ಸಮನಾಗಿ ತೇಯುತ್ತ, ಮಧ್ಯೆ ಮಧ್ಯೆ ಕಚ್ಚಿಗಿಟ್ಟು ನೋಡಿ. ತಳ ಮುಟ್ಟಬೇಕು, ಅತ್ತಿತ್ತ ಅಲುಗಬಾರದು. ಅಗಲ ಸ್ಕ್ರೂ ತಲೆಯಷ್ಟೇ ಇರಬೇಕು. ಹೆಚ್ಚಾದರೆ ಸುತ್ತಲ ಲೋಹವನ್ನು ಗೀರುತ್ತದೆ, ಕಡಿಮೆಯಾದರೆ ಕಚ್ಚಿನ ನಡುಭಾಗಕ್ಕೆ ಮಾತ್ರ ಬಲ ಬೀಳುತ್ತದೆ. ಸರಿಯಾಯಿತೆಂಬುದಕ್ಕೆ ನನ್ನ ಪರೀಕ್ಷೆ: ಕಚ್ಚಿಗೆ ಇಳಿಸಿ ಕೈ ಬಿಟ್ಟರೆ ಡ್ರೈವರ್ ದೀಪಸ್ತಂಭದ ಹಾಗೆ ತಾನೇ ನಿಲ್ಲಬೇಕು. ವಾಲಿದರೆ ಇನ್ನೂ ಕೆಲಸವಿದೆ. ಒಂದು ಸ್ಕ್ರೂವಿಗೆ ಒಂದು ಗಂಟೆ ಹಿಡಿಯುತ್ತದೆ. ಹೀಗೆ ಕೂರಿಸಿದ ಡ್ರೈವರಿಗೆ, ಬೇರೇನೂ ಮಾಡದೆಯೇ, ಕದಲದೆಂದುಕೊಂಡಿದ್ದ ಎಷ್ಟೋ ಸ್ಕ್ರೂಗಳು ಸುಮ್ಮನೆ ಬಂದಿವೆ.

ಕಚ್ಚಿನೊಳಗಿನ ಕೊಳೆ ಮೊದಲು ತೆಗೆಯಬೇಕು ಎಂದು ಬೇರೆ ಹೇಳಬೇಕಿಲ್ಲ. ಹೊಲಿಗೆ ಸೂಜಿಯಿಂದ ಕೆದಕಿ, ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ.

ಎಣ್ಣೆಗಳ ಪೈಕಿ ಯಾವುದು

ಸೀಮೆಎಣ್ಣೆ ತೆಳ್ಳಗೆ, ಸಂದಿಗೆ ಇಳಿಯುತ್ತದೆ, ಒಣಗಿದ ಎಣ್ಣೆಯನ್ನು ನಿಧಾನಕ್ಕೆ ಕರಗಿಸುತ್ತದೆ. ಈಗ ಸಿಗುವುದೇ ಕಷ್ಟ. ಡೀಸೆಲ್ ಅದರ ತಮ್ಮ, ವಾಸನೆ ಮಾತ್ರ ಮರ ಬಿಟ್ಟು ಹೋಗದು.

ಡಬ್ಲ್ಯುಡಿ-40 ಎಲ್ಲರ ಮನೆಯಲ್ಲೂ ಇದೆ. ಹೆಸರಿನಲ್ಲೇ ಅದರ ಕೆಲಸ ಇದೆ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ನೀರನ್ನು ಹೊರದೂಡಲೆಂದು ಮಾಡಿದ್ದು, ನಲವತ್ತನೇ ಪ್ರಯತ್ನಕ್ಕೆ ಸರಿಬಂತು, ಅದಕ್ಕೇ ಆ ಸಂಖ್ಯೆ. ತೇವ ಓಡಿಸಲು ಒಳ್ಳೆಯದು. ಹಳೆ ತುಕ್ಕಿನೊಳಗೆ ನುಗ್ಗುವುದರಲ್ಲಿ ಸಾಧಾರಣ. ಅದನ್ನು ಹೊಡೆದು ಐದು ನಿಮಿಷಕ್ಕೆ ಡ್ರೈವರ್ ಹಿಡಿಯುವುದು ನಮ್ಮೆಲ್ಲರ ಚಾಳಿ. ಐದು ನಿಮಿಷಕ್ಕೆ ಯಾವ ಎಣ್ಣೆಯೂ ಏನೂ ಮಾಡುವುದಿಲ್ಲ.

ಗಟ್ಟಿ ತುಕ್ಕಿಗೆ ಮೆಕ್ಯಾನಿಕ್‌ಗಳು ನೆಚ್ಚಿಕೊಂಡಿರುವುದು ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಸಮಸಮ ಬೆರೆಸಿದ ದ್ರಾವಣ. ಅಸಿಟೋನ್ ಎಣ್ಣೆಯನ್ನು ತೆಳ್ಳಗೆ ಮಾಡಿ ಸಂದಿಯೊಳಗೆ ಕರೆದೊಯ್ದು ತಾನು ಆವಿಯಾಗುತ್ತದೆ, ಎಣ್ಣೆ ಉಳಿಯುತ್ತದೆ. ಎರಡೂ ಬೇರೆ ಬೇರೆಯಾಗುವ ಸ್ವಭಾವದವು, ಪ್ರತಿ ಸಲವೂ ಕುಲುಕಿ ಹಾಕಬೇಕು. ಕೆಲಸ ಚೆನ್ನಾಗಿ ಮಾಡುತ್ತದೆ. ಆದರೆ ಅಸಿಟೋನ್ ಮರದ ಮೇಲಿನ ಅರಗಿನ ಪಾಲಿಶನ್ನು ತಿಂದುಹಾಕುತ್ತದೆ. ಅದರ ಆವಿ ಸೊನ್ನೆಗಿಂತ 20 ಡಿಗ್ರಿ ಕೆಳಗೂ ಕಿಡಿ ಸಿಕ್ಕರೆ ಹೊತ್ತಿಕೊಳ್ಳುವಂಥದ್ದು, ಹಾಗಾಗಿ ಅಸಿಟೋನ್ ಹಾಕಿದ ದಿನ ಕಾವಿನ ಕೆಲಸಕ್ಕೆ ಇಳಿಯಬೇಡಿ. ಒಣಗಿದ ಎಣ್ಣೆಯೇ ಹಿಡಿದಿದೆ ಎಂದು ಗೊತ್ತಾದಾಗ ಮರದಿಂದ ದೂರ ಇರುವ ಸ್ಕ್ರೂವಿಗೆ ಬರೀ ಅಸಿಟೋನ್ ಹನಿ ಸಾಕು.

ಹೇಗೆ ಹಾಕಬೇಕೆನ್ನುವುದು ಏನು ಹಾಕಬೇಕೆನ್ನುವುದಕ್ಕಿಂತ ದೊಡ್ಡದು. ಸ್ಪ್ರೇ ಹೊಡೆಯಬೇಡಿ. ಸೂಜಿಯ ತುದಿಯಿಂದಲೋ ಇಂಜೆಕ್ಷನ್ ಸಿರಿಂಜಿನಿಂದಲೋ ಒಂದು ಹನಿ, ಸ್ಕ್ರೂ ತಲೆಯ ಸುತ್ತಲ ಗೆರೆಗೆ. ಬೆಳಿಗ್ಗೆ ಒಂದು, ರಾತ್ರಿ ಒಂದು, ಮೂರು ನಾಲ್ಕು ದಿನ. ಒಬ್ಬ ಲೈಸೆನ್ಸ್ ಇದ್ದ ಹಿರಿಯ ರಿಪೇರಿಯವರು, ಊರವರೆಲ್ಲ ಸಾಯ್ಬ್ರು ಎನ್ನುತ್ತಿದ್ದರು, ನನ್ನ ಅವಸರ ನೋಡಿ ಹೇಳಿದ್ದು: “ಎಣ್ಣೆ ಹಾಕಿ ಮನೆಗೆ ಹೋಗಿ ಸ್ವಾಮಿ. ನೀವು ನೋಡ್ತಾ ಕೂತ್ರೆ ಅದಕ್ಕೆ ನಾಚಿಕೆ ಆಗ್ತದೆ.”

ಹೆಚ್ಚು ಎಣ್ಣೆ ಸುರಿದರೆ ಅದು ಹೋಗುವುದು ಮರಕ್ಕೆ. ಕೋವಿಯ ಕಬ್ಬಿಣ ಮತ್ತು ಮರ ಸೇರುವ ಕುತ್ತಿಗೆಯ ಭಾಗ ಎಣ್ಣೆ ಕುಡಿದು ಕಪ್ಪಾಗಿ, ಮೆತ್ತಗಾಗಿ, ಕೊನೆಗೆ ಬಿರುಕು ಬಿಡುವುದು ಹಳೆ ಇಂಗ್ಲಿಷ್ ಕೋವಿಗಳ ಮಾಮೂಲು ಕಾಯಿಲೆ. ಅದಕ್ಕೇ ಎಣ್ಣೆ ಹಾಕಿದ ಕೋವಿಯನ್ನು ನಳಿಗೆ ಕೆಳಗೆ ಮಾಡಿ ನಿಲ್ಲಿಸುವುದು.

ಹುಣಸೆ, ನಿಂಬೆ, ವಿನೆಗರ್, ಅಂಗಡಿಯ ತುಕ್ಕು ತೆಗೆಯುವ ದ್ರಾವಣ ಇವುಗಳ ಹತ್ತಿರ ಹೋಗಬೇಡಿ. ಕೋವಿಯ ನೀಲಿ-ಕಪ್ಪು ಬಣ್ಣವೇ ಒಂದು ಬಗೆಯ ತುಕ್ಕು, ಕಬ್ಬಿಣದ ಆಕ್ಸೈಡ್. ಕೆಟ್ಟ ತುಕ್ಕು ತಿನ್ನುವ ಹುಳಿ ಒಳ್ಳೆ ತುಕ್ಕನ್ನೂ ಬಿಡುವುದಿಲ್ಲ. ಹಿತ್ತಾಳೆ ದೀಪ ಬೆಳಗುವ ಹಾಗೆ ಬೆಳಗಿ ನಳಿಗೆಯನ್ನು ಬಿಳಿ ಮಾಡಿಕೊಂಡವರನ್ನು ನೋಡಿದ್ದೇನೆ.

ಕಾವು: ಚಿಟಿಕೆಯಷ್ಟು

ಎಣ್ಣೆಯಿಂದ ವಾರವಾದರೂ ಅಲುಗದಿದ್ದರೆ ಮಾತ್ರ ಕಾವು. ಉಕ್ಕು ಬಿಸಿಗೆ ಹಿಗ್ಗುವುದು ಒಂದು ಮೀಟರಿಗೆ ಪ್ರತಿ ಡಿಗ್ರಿಗೆ ಸುಮಾರು 12 ಮೈಕ್ರಾನ್. 5 ಮಿಲಿಮೀಟರ್ ದಪ್ಪದ ಸ್ಕ್ರೂವನ್ನು 100 ಡಿಗ್ರಿ ಏರಿಸಿದರೆ ಅದು ದಪ್ಪವಾಗುವುದು 6 ಮೈಕ್ರಾನ್, ತಲೆಗೂದಲಿನ ಹತ್ತನೇ ಒಂದು ಪಾಲು. ಅಷ್ಟೇ ಸಾಕು. ಹಿಗ್ಗಿ ಕುಗ್ಗುವಾಗ ತುಕ್ಕಿನ ಪದರ ಬಿರಿಯುತ್ತದೆ, ಎಣ್ಣೆಗೆ ದಾರಿಯಾಗುತ್ತದೆ.

ಗ್ಯಾಸ್ ಟಾರ್ಚ್ ಬೇಡ. ಕಾರಣ ಒಂದಲ್ಲ. ಜೋಡುನಳಿಗೆಗಳ ನಡುವಿನ ಪಟ್ಟಿಯನ್ನು ಸಾಮಾನ್ಯವಾಗಿ ತವರದ ಬೆಸುಗೆಯಿಂದ ಕೂರಿಸಿರುತ್ತಾರೆ, ತವರ-ಸೀಸದ ಬೆಸುಗೆ 183 ಡಿಗ್ರಿಗೇ ಕರಗತೊಡಗುತ್ತದೆ. ಲಾಕಿನೊಳಗಿನ ಸ್ಪ್ರಿಂಗುಗಳ ಹದ 300ರ ಆಸುಪಾಸಿನಲ್ಲಿ ಕೂತದ್ದು, ಅದಕ್ಕಿಂತ ಮೇಲೆ ಹೋದರೆ ಸ್ಪ್ರಿಂಗ್ ಸತ್ತಂತೆ. ಮೈಮೇಲಿನ ನವಿಲುಗರಿಯಂಥ ಬಣ್ಣದ ಛಾಯೆಗಳು ಕಾವಿಗೆ ಮಾಸುತ್ತವೆ. ಮರ ಸುಡುತ್ತದೆ. ನಳಿಗೆಗಂತೂ ಯಾವ ಕಾವೂ ಕೂಡದು.

ಸರಿಯಾದ ಉಪಕರಣ ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್. 60 ವ್ಯಾಟಿನದು, ತುದಿ ಚಪ್ಪಟೆಯಾಗಿದ್ದರೆ ಒಳ್ಳೆಯದು. ಅದನ್ನು ಸ್ಕ್ರೂ ತಲೆಯ ಮೇಲೆ ಮಾತ್ರ ಇಟ್ಟು ಎರಡು ಮೂರು ನಿಮಿಷ ಹಿಡಿಯಬೇಕು. ಎಷ್ಟು ಬಿಸಿಯಾಯಿತೆಂದು ತಿಳಿಯಲು ಮೇಣದ ಬತ್ತಿ ಇಟ್ಟುಕೊಳ್ಳಿ. ತಲೆಗೆ ಮುಟ್ಟಿಸಿದಾಗ ಮೇಣ ಕರಗಿ ಗೆರೆಯೊಳಗೆ ಎಳೆದುಕೊಂಡು ಹೋಗುವುದು ಕಣ್ಣಿಗೆ ಕಾಣುತ್ತದೆ. ಅದು 60 ಡಿಗ್ರಿ ಹತ್ತಿರದ ಗುರುತು, ಮೇಣವೇ ಒಳಗಿಳಿದು ಜಾರುವಂತೆಯೂ ಮಾಡುತ್ತದೆ. ಮರದ ಪಕ್ಕದ ಸ್ಕ್ರೂವಾದರೆ ನಾನು ಅಷ್ಟಕ್ಕೇ ನಿಲ್ಲಿಸುತ್ತೇನೆ, ಲೋಹದ ನಡುವಿನದಾದರೆ ಮೇಣ ಸಣ್ಣಗೆ ಹೊಗೆಯಾಡುವತನಕ ಹೋಗಬಹುದು. ಆರಲು ಬಿಡಿ. ಪೂರ್ತಿ ಆರಿದ ಮೇಲೆ ತಿರುಗಿಸಿ. ಬಿಸಿಯಲ್ಲಿರುವಾಗ ಸ್ಕ್ರೂ ಹಿಗ್ಗಿ ಇನ್ನೂ ಬಿಗಿಯಾಗಿರುತ್ತದೆ. ಇದನ್ನು ತಿಳಿಯದೆ ಬಿಸಿಯಲ್ಲೇ ತಿರುಗಿಸಿ ‘ಕಾವಿನಿಂದ ಏನೂ ಆಗಲ್ಲ’ ಎನ್ನುವವರಿದ್ದಾರೆ.

ಫ್ರಿಜ್ಜಿನಲ್ಲಿಡುವ ಸಲಹೆಯನ್ನೂ ಕೇಳಿದ್ದೇನೆ. ಹೊರಗೆ ತೆಗೆದಾಗ ಮೈತುಂಬ ನೀರು ಬೆವರುತ್ತದೆ. ನಮ್ಮ ಹವೆಗೆ ಅದು ಆಗದ ಮಾತು.

ಪೆಟ್ಟು, ಒತ್ತು

ಎರಡೂ ಒಂದೇ ಅಲ್ಲ. ಸರಿಯಾಗಿ ಕೂತ ಡ್ರೈವರಿನ ಹಿಡಿಯ ಮೇಲೆ ಸಣ್ಣ ಸುತ್ತಿಗೆಯಿಂದ ಹತ್ತಿಪ್ಪತ್ತು ಸಲ ಟಕ್ ಟಕ್ ಎಂದು ತಟ್ಟುವುದು, ಬಾಗಿಲು ತಟ್ಟುವಷ್ಟು ಮೆತ್ತಗೆ, ತುಕ್ಕು ಬಿರಿಯಲು ಬಹಳ ಒಳ್ಳೆಯದು. ತಟ್ಟಿದ ಮೇಲೆ ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು, ಆಮೇಲೆ ಬಿಚ್ಚುವ ಕಡೆಗೆ. ಬರುವ ಸ್ಕ್ರೂ ಒಂದು ಸದ್ದು ಮಾಡುತ್ತದೆ, ಒಣ ಕಡ್ಡಿ ಮುರಿದಂತೆ ‘ಟಿಕ್’. ಆ ಸದ್ದು ಕೇಳಿದ ಮೇಲೆ ಅವಸರ ಮಾಡದೆ ಕಾಲು ಸುತ್ತು ಮುಂದೆ, ಅರ್ಧ ಕಾಲು ಹಿಂದೆ, ಮತ್ತೆ ಒಂದು ಹನಿ ಎಣ್ಣೆ.

ಯೆಜ್ಡಿ ಬಿಚ್ಚಿದ ಅನುಭವವಿರುವವರು ತಕ್ಷಣ ನೆನೆಸಿಕೊಳ್ಳುವುದು ಇಂಪ್ಯಾಕ್ಟ್ ಡ್ರೈವರ್. ಮೇಲೆ ಸುತ್ತಿಗೆಯಿಂದ ಹೊಡೆದರೆ ತುದಿ ತಾನೇ ತಿರುಗುವ ಆ ಭಾರದ ಉಪಕರಣ. ಬೈಕಿನ ಎಂಜಿನ್ ಕವರಿಗೆ ಅದು ದೇವರು. ಕೋವಿಗೆ ಬೇಡ. ಆ ಪೆಟ್ಟು ಸ್ಕ್ರೂವನ್ನು ದಾಟಿ ಮರದ ಕುತ್ತಿಗೆಗೆ ಹೋಗುತ್ತದೆ, ಮೊದಲೇ ಎಣ್ಣೆ ಕುಡಿದು ಮೆತ್ತಗಾದ ಜಾಗ ಅದು. ಮರವೆಲ್ಲ ಕಳಚಿ ಬರೀ ಕಬ್ಬಿಣ ಉಳಿದಿದ್ದರೂ ನಾನು ಹಿಂಜರಿಯುತ್ತೇನೆ.

ಪೆಟ್ಟಿಗಿಂತ ಒತ್ತು ಮೇಲು. ಡ್ರೈವರ್ ಮೇಲೆ ಏಳದಂತೆ ಒತ್ತಿಹಿಡಿದುಕೊಂಡೇ ತಿರುಗಿಸುವುದು ಒಂದು ಕೈಯ ಕೆಲಸವಲ್ಲ. ಇದಕ್ಕೆ ಹಳೆ ಬಡಗಿಯ ಕೈಬೈರಿಗೆಗೆ ಚಪ್ಪಟೆ ಬಿಟ್ ಹಾಕಿ, ಮೇಲಿನ ಗುಂಡನ್ನು ಎದೆಯಿಂದ ಒತ್ತಿ, ಹಿಡಿಯನ್ನು ನಿಧಾನಕ್ಕೆ ತಿರುಗಿಸುವ ಪದ್ಧತಿ ಇದೆ. ಅದಕ್ಕಿಂತ ಉತ್ತಮ, ನಿಲ್ಲಿಸುವ ಡ್ರಿಲ್ ಯಂತ್ರ ಇದ್ದವರಿಗೆ: ಪ್ಲಗ್ ಕಿತ್ತು ಪಕ್ಕಕ್ಕಿಟ್ಟು (ಸ್ವಿಚ್ ಆರಿಸಿದರೆ ಸಾಲದು), ಸಾಣೆ ಹಿಡಿದ ಬಿಟ್ಟನ್ನು ಚಕ್ಕಿಗೆ ಸಿಕ್ಕಿಸಿ, ಕೆಳಗೆ ದಪ್ಪ ಬಟ್ಟೆಯ ಮೇಲೆ ಕೋವಿಯ ಭಾಗವನ್ನು ಅಲುಗದಂತೆ ಕೂರಿಸಿ, ಬಿಟ್ಟನ್ನು ನೇರವಾಗಿ ಕಚ್ಚಿಗಿಳಿಸಿ ಒತ್ತಿಹಿಡಿದು, ಚಕ್ಕನ್ನು ಕೈಯಿಂದ ತಿರುಗಿಸುವುದು. ಬಿಟ್ ಎಲ್ಲಿಗೂ ಜಾರಲಾರದು. ನಮ್ಮಜ್ಜನ ಕೋವಿಯ ಆ ಹರಿದ ಸ್ಕ್ರೂ ಕೊನೆಗೆ ಬಂದದ್ದು ಹೀಗೆ, ಸಾಯ್ಬ್ರ ಡ್ರಿಲ್ ಯಂತ್ರದ ಅಡಿಯಲ್ಲಿ. ಹರಿಯದೆ ಉಳಿದಿದ್ದ ಅರ್ಧ ಕಚ್ಚೇ ಸಾಕಾಯಿತು.

ಕೊರೆಯುವ ಮಾತು

ತಲೆ ಪೂರ್ತಿ ಸವೆದ ಸ್ಕ್ರೂವನ್ನು ಎಡಸುತ್ತಿನ ಡ್ರಿಲ್ಲಿನಿಂದ ಕೊರೆದು ತೆಗೆಯಬಹುದು, ಕೊರೆಯುವಾಗಲೇ ಅದು ತಿರುಗಿ ಹೊರಬರುವುದೂ ಉಂಟು. ಆದರೆ ಡ್ರಿಲ್ ಅರ್ಧ ಮಿಲಿಮೀಟರ್ ಓರೆಯಾದರೆ ಕೋವಿಯ ಮೈಯ ಥ್ರೆಡ್ಡೇ ಹೋಗುತ್ತದೆ. ಸ್ಕ್ರೂ ಕೀಳಲೆಂದು ಮಾರುವ ಈಸಿ-ಔಟ್ ಗಡಸು ಉಕ್ಕಿನದು. ಅದು ಒಳಗೆ ಮುರಿದರೆ ಯಾವ ಡ್ರಿಲ್ಲಿಗೂ ಬಗ್ಗದು. ಈ ಹಂತ ಮುಟ್ಟಿದರೆ ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಬಳಿ ಹೋಗಿ. ನಿಜ ಹೇಳಬೇಕೆಂದರೆ ಈ ಹಂತಕ್ಕೆ ಮುಂಚೆಯೇ, ಎರಡನೇ ಸಲ ಡ್ರೈವರ್ ಜಾರಿದಾಗಲೇ ಹೋಗಬೇಕು. ಆಗ ಅವರಿಗೆ ಹಿಡಿಯಲು ಏನಾದರೂ ಉಳಿದಿರುತ್ತದೆ.

ಕೆಲವನ್ನು ಬಿಚ್ಚಲೇಬೇಡಿ. ಕೇಪಿನ ಕೋವಿಯ ನಳಿಗೆಯ ಹಿಂಬದಿಯ ಬಿರಡೆ, ಜೋಡುನಳಿಗೆಯ ಕೀಲಿನ ಅಡ್ಡಪಿನ್ನು, ಲಾಕ್ ತಟ್ಟೆಯ ಒಳಗಿನ ಸ್ಪ್ರಿಂಗ್ ಹಿಡಿದಿರುವ ಸ್ಕ್ರೂಗಳು. ವಿ ಆಕಾರದ ದೊಡ್ಡ ಸ್ಪ್ರಿಂಗನ್ನು ಕ್ಲ್ಯಾಂಪ್ ಇಲ್ಲದೆ ಬಿಟ್ಟರೆ ಹಾರಿ ಕಣ್ಣಿಗೆ ಬರುತ್ತದೆ ಅಥವಾ ಮುರಿಯುತ್ತದೆ. ನಿಪ್ಪಲ್ಲಿಗೆ ಅದರದೇ ಕೀಲಿ ಬೇಕು, ಕಟಿಂಗ್ ಪ್ಲೇಯರ್ ಹಾಕಿದರೆ ಅದರ ಚೌಕ ಉರುಟಾಗುತ್ತದೆ. ಕಾರಣವಿಲ್ಲದೆ, ‘ಒಳಗೆ ಹೇಗಿದೆ ನೋಡೋಣ’ ಎಂದು ಬಿಚ್ಚಿದ ಕೋವಿಗಳೇ ಹೆಚ್ಚು ಹಾಳಾಗಿರುವುದು.

ಕೈಗೆ ಬಂದ ಸ್ಕ್ರೂ ಗಟ್ಟಿಯಿದ್ದು ಕಚ್ಚಿನ ಅಂಚು ಮಾತ್ರ ಮೇಲೆದ್ದಿದ್ದರೆ ಅರ ಹಾಕಿ ಕತ್ತರಿಸಬೇಡಿ. ಆ ಲೋಹ ಕಚ್ಚಿನದ್ದೇ, ತಿರುಗಿ ಅದರ ಜಾಗಕ್ಕೆ ಹೋಗಬೇಕು. ಸ್ಕ್ರೂವನ್ನು ತಾಮ್ರದ ತಗಡಿನ ನಡುವೆ ವೈಸಿಗೆ ಹಿಡಿದು, ನಯವಾದ ಪುಟ್ಟ ಸುತ್ತಿಗೆಯಿಂದ ಎದ್ದ ಅಂಚನ್ನು ಒಳಕ್ಕೆ ತಟ್ಟುತ್ತ ಬಂದರೆ ಕಚ್ಚು ಮತ್ತೆ ಕೂಡುತ್ತದೆ. ಆಮೇಲೆ ತೆಳ್ಳನೆಯ ಅರದಿಂದ ಕಚ್ಚಿನ ಗೋಡೆ ಸರಿಮಾಡಿ ತಲೆಗೆ ನುಣುಪು ಕೊಟ್ಟರಾಯಿತು. ನಮ್ಮ ಸ್ಕ್ರೂವಿಗೆ ಸಾಯ್ಬ್ರು ಹೀಗೆ ಮಾಡುತ್ತೇನೆಂದರು. ನಾನೇ ಬೇಡವೆಂದೆ.

ಬಿಚ್ಚಿದವುಗಳನ್ನು ಇಡುವುದು ಹೇಗೆ? ಕೈಯಿಂದ ಮಾಡಿದ ಕೋವಿಯಲ್ಲಿ ಒಂದರ ತೂತಿಗೆ ಇನ್ನೊಂದು ಹೊಂದುವುದಿಲ್ಲ, ನೋಡಲು ಒಂದೇ ತರಹ ಇದ್ದರೂ. ರಟ್ಟಿನ ಮೇಲೆ ಕೋವಿಯ ಚಿತ್ರ ಬರೆದು, ಎಲ್ಲಿಯ ಸ್ಕ್ರೂ ಅಲ್ಲಿಗೇ ಚುಚ್ಚಿಡಿ. ಮತ್ತೆ ಹಾಕುವಾಗ ಥ್ರೆಡ್ಡಿಗೆ ಚಿಟಿಕೆ ಗ್ರೀಸ್, ಮುಂದಿನ ಸಲ ಈ ಪುರಾಣವೆಲ್ಲ ಬೇಡವಾಗಲೆಂದು. ಒಳ್ಳೆ ಕೋವಿಗಳಲ್ಲಿ ಕಚ್ಚುಗಳೆಲ್ಲ ನಳಿಗೆಯ ಉದ್ದಕ್ಕೆ ಒಂದೇ ದಿಕ್ಕಿಗೆ ನಿಲ್ಲುವಂತೆ ಮಾಡಿರುತ್ತಾರೆ. ಹಾಕಿದ ಮೇಲೆ ಕಚ್ಚು ಅಡ್ಡ ನಿಂತರೆ ಒಂದೋ ಸ್ಕ್ರೂ ಅದಲುಬದಲಾಗಿದೆ, ಇಲ್ಲವೇ ತೂತಿನ ತಳದಲ್ಲಿ ಕೊಳೆ ಉಳಿದಿದೆ. ಎಳೆದು ಬಿಗಿದು ನೇರ ಮಾಡಲು ಹೋಗದೆ, ಮತ್ತೆ ಹೊರತೆಗೆದು ಕಡ್ಡಿಗೆ ಹತ್ತಿ ಸುತ್ತಿ ತೂತು ಒರೆಸಿ ನೋಡಿ.